ಕಾಲಮ್‌ನಲ್ಲಿ 95, ಕಂಪ್ಯೂಟರ್‌ನಲ್ಲಿ 99

ಮುಧೋಳದ ಕಡೆಯ ಒಂದು ಡಿಸ್ಟಿಲರಿಗೆ ನನ್ನ ಸಿಮ್ಯುಲೇಷನ್ ಲೆಕ್ಕ, ಅಂದರೆ ಅಲ್ಲಿಯ ಕೆಲಸವನ್ನು ಕಂಪ್ಯೂಟರ್‌ನಲ್ಲಿ ನಡೆಸಿ ನೋಡಿದ ಲೆಕ್ಕ, ಹಿಡಿದುಕೊಂಡು ಹೋಗಿದ್ದೆ. ಕುದಿಸಿ ಬೇರ್ಪಡಿಸುವ ಎತ್ತರದ ಕಾಲಮ್‌ನ ತುದಿಯಲ್ಲಿ 99% ಎಥೆನಾಲ್ (ಆಲ್ಕೋಹಾಲ್) ಬರುತ್ತದೆ ಅಂತ ಅದರಲ್ಲಿತ್ತು. ಆಪರೇಟರ್ ಗಾಜಿನ ಜಾಡಿಗೆ ಸ್ಯಾಂಪಲ್ ಹಿಡಿದು, ಹೈಡ್ರೋಮೀಟರ್ ಬಿಟ್ಟು ತೋರಿಸಿದರು. ಅದು 95ರ ಹತ್ತಿರ ನಿಂತಿತ್ತು. “ಸರ, ಏನ್ ಮಾಡಿದ್ರೂ ಇದು ತೊಂಬತ್ತಾರು ದಾಟಂಗಿಲ್ರಿ.”

ಅವರು ಹೇಳಿದ್ದು ಸರಿ. ಮಾಮೂಲಿ ವಾತಾವರಣದ ಒತ್ತಡದಲ್ಲಿ, ತೂಕದ ಲೆಕ್ಕದಲ್ಲಿ ಎಥೆನಾಲ್ ಸುಮಾರು 95.6% ಆದಾಗ ನೀರೂ ಎಥೆನಾಲೂ ಒಟ್ಟಿಗೇ ಕುದಿಯುತ್ತವೆ, 78.2 ಡಿಗ್ರಿಯಲ್ಲಿ. ದ್ರವದಲ್ಲಿರುವ ಪ್ರಮಾಣವೇ ಆವಿಯಲ್ಲೂ ಇರುತ್ತದೆ. ಇದೇ ಅಜಿಯೋಟ್ರೋಪ್. ಆಮೇಲೆ ಕಾಲಮ್‌ನೊಳಗೆ ಆವಿ, ದ್ರವ ಸಂಧಿಸುವ ತಟ್ಟೆಗಳನ್ನು (ಟ್ರೇ) ಎಷ್ಟು ಹಾಕಿದರೂ ಅಷ್ಟೇ. ಪೆಟ್ರೋಲಿಗೆ ಬೆರೆಸಲು 99.5% ಬೇಕಲ್ವಾ, ಅದಕ್ಕೇ ಉಳಿದ ನೀರನ್ನು ಹೀರಿಕೊಳ್ಳುವ ಮಾಲಿಕ್ಯುಲರ್ ಸೀವ್ ಇಡುತ್ತಾರೆ.

ತಪ್ಪು ನನ್ನದು. ನಾನು ‘ಐಡಿಯಲ್’ ಮಾಡೆಲ್ ಆರಿಸಿದ್ದೆ, ಅಂದರೆ ಅಣುಗಳೆಲ್ಲ ಒಂದಕ್ಕೊಂದು ಒಂದೇ ಥರ ವರ್ತಿಸುತ್ತವೆ ಅಂತ ಹಿಡಿಯುವ ಲೆಕ್ಕದ ಸೂತ್ರ. ಅದರ ಬೇರು ದ್ರವದಲ್ಲಿರುವ ಪ್ರಮಾಣದಿಂದ ಆವಿಯ ಒತ್ತಡ ಹೇಳುವ 1880ರ ದಶಕದ ರೌಲ್ಟ್ ನಿಯಮದಲ್ಲಿದೆ. ಬೆಂಜೀನ್, ಟೊಲ್ಯೂನ್‌ನಂಥ ಒಂದೇ ಸ್ವಭಾವದ ಜೋಡಿಗೆ ಅದು ಚೆನ್ನಾಗಿ ಹೊಂದುತ್ತದೆ. ನೀರು, ಆಲ್ಕೋಹಾಲ್‌ಗೆ ಹೊಂದುವುದಿಲ್ಲ. ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಲೆಕ್ಕ ಮುಗಿಯಿತು ಅಂತಷ್ಟೇ ಹೇಳಿತು.

ಪ್ರತಿ ಮಾಡೆಲ್ಲೂ ಯಾವುದೋ ಒಂದು ಕೆಲಸಕ್ಕೆ ಹುಟ್ಟಿದ್ದು. 1873ರಲ್ಲಿ ವಾನ್ ಡರ್ ವಾಲ್ಸ್ ಅನಿಲಕ್ಕೂ ದ್ರವಕ್ಕೂ ಸೇರಿ ಒತ್ತಡ, ಗಾತ್ರ, ತಾಪ ಬೆಸೆಯುವ ಒಂದೇ ಸಮೀಕರಣ ಬರೆದರು. ಅದೇ ದಾರಿಯಲ್ಲಿ 1949ರಲ್ಲಿ ರೆಡ್ಲಿಚ್–ಕ್ವಾಂಗ್, 1972ರಲ್ಲಿ ಸೋವೆ, 1976ರಲ್ಲಿ ಕೆನಡಾದ ಆಲ್ಬರ್ಟಾದಿಂದ ಪೆಂಗ್–ರಾಬಿನ್ಸನ್ ಸಮೀಕರಣಗಳು ಬಂದವು. ಇವುಗಳ ಜೋರೆಲ್ಲ ಪೆಟ್ರೋಲಿಯಂ, ನೈಸರ್ಗಿಕ ಅನಿಲ, ಜಾಸ್ತಿ ಒತ್ತಡದ ಕಡೆ. ನೀರು, ಆಲ್ಕೋಹಾಲ್‌ನ ಕಡೆ ಬೇರೆ ದಾರಿ ಬೇಕಾಯಿತು: 1964ರಲ್ಲಿ ವಿಲ್ಸನ್, 1968ರಲ್ಲಿ ರೆನಾನ್ ಮತ್ತು ಪ್ರಾಸ್ನಿಟ್ಸ್ ಅವರ ಎನ್‌ಆರ್‌ಟಿಎಲ್ ಅನ್ನೋ ಮಾಡೆಲ್. ಇವು ಪ್ರಯೋಗದ ಅಳತೆಗೆ ಹೊಂದಿಸಿದ ಅಂಕಿಗಳ ಮೇಲೆ ನಿಂತಿವೆ. ಅಳತೆ ತೆಗೆದ ತಾಪ, ಒತ್ತಡದಿಂದ ದೂರ ಹೋದಷ್ಟೂ ನಂಬಿಕೆ ಕಮ್ಮಿ.

ಇದು ನಮ್ಮ ಕಡೆಗೆ ಬಹಳ ಮುಖ್ಯ. ಉಗಿ ಉಳಿಸಲು ಈಗ ಡಿಸ್ಟಿಲರಿಗಳಲ್ಲಿ ಕೆಲವು ಕಾಲಮ್‌ಗಳನ್ನು ನಿರ್ವಾತದಲ್ಲಿ ನಡೆಸುತ್ತಾರೆ. ಒತ್ತಡ ಇಳಿದ ಹಾಗೆ ಅಜಿಯೋಟ್ರೋಪ್ ಇನ್ನೂ ಜಾಸ್ತಿ ಎಥೆನಾಲ್‌ನ ಕಡೆಗೆ ಸರಿಯುತ್ತದೆ. ಸುಮಾರು 70 ಮಿ.ಮೀ. ಪಾದರಸಕ್ಕಿಂತ ಕೆಳಗೆ ಅದು ಇರುವುದೇ ಇಲ್ಲ.

1976ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆಸ್ಪೆನ್ ಅನ್ನೋ ಸಿಮ್ಯುಲೇಷನ್ ಸಾಫ್ಟ್‌ವೇರ್ ಯೋಜನೆ ಶುರುವಾಯಿತು. ಇಂಥ ಸಾಫ್ಟ್‌ವೇರ್‌ಗಳಲ್ಲಿ ಮಾಡೆಲ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಸಾಲಾಗಿ ಕೂತವು. ಯಾವುದು ಎಲ್ಲಿಂದ ಬಂತು ಅನ್ನೋದು ಅಲ್ಲೇ ಮರೆಯಾಯಿತು ಅಂತ ನನಗನಿಸುತ್ತದೆ. ಈಗ ಡಿಡಬ್ಲ್ಯುಸಿಮ್ ಅನ್ನೋ ಇಂಥದೇ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಯಾವ ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಾದರೂ ಹಾಕಿಕೊಳ್ಳಬಹುದು. ಒಳ್ಳೆಯದೇ. ಆದರೆ ಸುಮ್ನೆ ಮೊದಲು ಕಂಡ ಹೆಸರನ್ನು ಒತ್ತಬಾರದು.

ಎನ್‌ಆರ್‌ಟಿಎಲ್ ಹಾಕಿ, ಅದರ ಅಂಕಿಗಳ ತಾಪದ ವ್ಯಾಪ್ತಿ ನೋಡಿಕೊಂಡು ಮತ್ತೆ ಹೋದೆ. ಈ ಸಲ ಲೆಕ್ಕವೂ ಅಜಿಯೋಟ್ರೋಪ್ ದಾಟಲಿಲ್ಲ. ಆಪರೇಟರ್ ಹಾಳೆಯನ್ನು ಪೂರ್ತಿ ಓದಿದರು. “ಫ್ಯೂಸೆಲ್ ಆಯಿಲ್ ಎಲ್ಲೈತ್ರಿ ಇದ್ರಾಗ?”

ಫ್ಯೂಸೆಲ್ ಆಯಿಲ್ ಅಂದರೆ ಹುದುಗುವಾಗ ಎಥೆನಾಲ್ ಜೊತೆ ಹುಟ್ಟುವ ಭಾರದ ಆಲ್ಕೋಹಾಲ್‌ಗಳು. ನಾನು ನೀರು, ಎಥೆನಾಲ್ ಎರಡನ್ನೇ ಕೊಟ್ಟಿದ್ದೆ. ಅವರು ಎಣ್ಣೆ, ನೀರು ಬೇರೆಯಾಗುವ ತೊಟ್ಟಿಯಾದ ಡಿಕ್ಯಾಂಟರ್‌ನ ಗಾಜಿನ ಕಿಂಡಿ ತೋರಿಸಿದರು. ಕೆಳಗೆ ನೀರು, ಮೇಲೆ ಹಳದಿ ಎಣ್ಣೆ, ನಡುವೆ ಗೆರೆ ಎಳೆದ ಹಾಗೆ. ವಿಲ್ಸನ್ ಮಾಡೆಲ್‌ನ ಗಣಿತಕ್ಕೆ ಈ ಎರಡು ಪದರ ಸಾಧ್ಯವೇ ಇಲ್ಲ. ಎನ್‌ಆರ್‌ಟಿಎಲ್ ತೋರಿಸಬಲ್ಲದು, ಆದರೆ ನೀರು, ಫ್ಯೂಸೆಲ್ ಆಯಿಲ್ ಜೋಡಿಯ ಅಂಕಿಗಳನ್ನು ನಾವು ಕೊಟ್ಟರೆ ಮಾತ್ರ. ಅವತ್ತು ರಾತ್ರಿ ಪಟ್ಟಿಗೆ ಫ್ಯೂಸೆಲ್ ಆಯಿಲ್‌ನ ಮುಖ್ಯ ಭಾಗವಾದ ಐಸೋಅಮೈಲ್ ಆಲ್ಕೋಹಾಲ್ ಸೇರಿಸಿ, ಲೆಕ್ಕ ಮೊದಲಿನಿಂದ ಶುರು ಮಾಡಿದೆ.