ಸೆಟಿಗೆವ್ವನ ದಿನ ಮಗುವಿನ ಅಂಗಾಲು ನೋಡಿ

ಗೋವಾದ ವಾಸ್ಕೋದ ಬೈನಾ, ಜುವಾರಿನಗರದ ಖೋಲಿಗಳಲ್ಲಿ ಬಾಣಂತನದ ಭಾರ ಬಹಳ ಸಲ ಗಂಡ-ಹೆಂಡತಿ ಇಬ್ಬರ ಮೇಲೇ ಬೀಳುತ್ತದೆ. ತವರು ಬಾಗಲಕೋಟೆ, ವಿಜಯಪುರದ ಕಡೆ; ಅವ್ವ ಬಂದರೂ ಹೆಚ್ಚು ದಿನ ನಿಲ್ಲಲಾಗದು. ಊರಲ್ಲಾದರೆ ಹೆರಿಗೆಯ ನಂತರ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಗೋವಾದಲ್ಲಿ ಆಶಾ ವ್ಯವಸ್ಥೆಯೇ ಇಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮ ಬರಬೇಕೆಂದರೆ ಅವರಿಗೆ ನಿಮ್ಮ ಮನೆ ಗೊತ್ತಿರಬೇಕು. ಆಸ್ಪತ್ರೆಯಲ್ಲಿ ಆಧಾರ್ ಕಾರ್ಡಿನ ಊರ ವಿಳಾಸ ಬರೆಸಿ ಬಂದರೆ ಯಾರೂ ನಿಮ್ಮನ್ನು ಹುಡುಕಲಾರರು. ಡಿಸ್ಚಾರ್ಜ್ ಆಗುವಾಗ ಈಗಿರುವ ಖೋಲಿಯ ಗುರುತು, ಫೋನ್ ನಂಬರ್ ಬರೆಸಿ. ಊರಿನ ತಾಯಿ ಕಾರ್ಡ್ ಇದ್ದರೆ ಅದನ್ನೂ ತೋರಿಸಿ.

ಉಳಿದ ಎಣಿಕೆ ಮನೆಯವರದ್ದು. ಐದನೇ ದಿನಕ್ಕೆ ಕೂಸಿನ ಹಣೆಬರಹ ಬರೆಯುವ ಸೆಟಿಗೆವ್ವನ ಪೂಜೆ, ಹದಿಮೂರಕ್ಕೆ ತೊಟ್ಟಿಲು: ಈ ದಿನಗಳನ್ನು ಯಾರೂ ಮರೆಯುವುದಿಲ್ಲ. ತಪಾಸಣೆಯನ್ನೂ ಇವಕ್ಕೇ ಜೋಡಿಸಿಕೊಳ್ಳಿ.

ಮೊದಲ ದಿನಗಳಲ್ಲಿ ರಕ್ತಸ್ರಾವದ ಮೇಲೆ ಕಣ್ಣಿರಲಿ. ದೊಡ್ಡ ಪ್ಯಾಡ್ ಒಂದೇ ತಾಸಿನಲ್ಲಿ ಪೂರ್ತಿ ತೊಯ್ದರೆ ಅಥವಾ ನಿಂಬೆಹಣ್ಣಿನಷ್ಟು ಗಡ್ಡೆ ಬಿದ್ದರೆ 108ಕ್ಕೆ ಫೋನ್ ಮಾಡಿ. ಹಳೇ ಸೀರೆಯ ಬಟ್ಟೆ ಬಳಸುವಲ್ಲಿ ಎಷ್ಟು ಹೋಯಿತೆಂಬುದೇ ತಿಳಿಯುವುದಿಲ್ಲ, ಏಕೆಂದರೆ ತೊಯ್ದದ್ದನ್ನು ಕೂಡಲೇ ಒಗೆದುಬಿಡುತ್ತಾರೆ. ಹೆಚ್ಚು ಹೋಗುತ್ತಿದೆ ಅನ್ನಿಸಿದರೆ ಒಗೆಯದೆ ಚೀಲದಲ್ಲಿ ಹಾಕಿ ಒಯ್ಯಿರಿ. ಕೊಂಕಣಿ, ಹಿಂದಿ ಬಾರದಿದ್ದರೂ ಡಾಕ್ಟರಿಗೆ ಅದು ತಿಳಿಯುತ್ತದೆ.

ಐದನೇ ದಿನ ಪೂಜೆಗೆ ಮುಂಚೆ, ಬೆಳಕಿರುವಾಗಲೇ, ಕೂಸನ್ನು ಬಾಗಿಲ ಬಳಿ ತಂದು ಬಟ್ಟೆ ಬಿಚ್ಚಿ. ಖೋಲಿಯೊಳಗಿನ ಬಲ್ಬಿನಲ್ಲಿ ಕಾಮಾಲೆ ಕಾಣುವುದಿಲ್ಲ. ಹಣೆ, ಎದೆ, ಅಂಗಾಲು ಈ ಕ್ರಮದಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ; ಒತ್ತಿದ ಜಾಗ ಹಳದಿಯೇ ನೋಡಿ. ಅಂಗೈ, ಅಂಗಾಲಿಗೆ ಹಳದಿ ಇಳಿದಿದ್ದರೆ ಅದೇ ದಿನ ಆಸ್ಪತ್ರೆಗೆ. ಹುಟ್ಟಿದ 24 ತಾಸಿನೊಳಗೆ ಹಳದಿ ಕಂಡರೂ ಅಷ್ಟೇ. ಎಳೆಬಿಸಿಲಿಗೆ ಹಿಡಿದು ಕಾಯಬೇಡಿ. ಈ ಹೊತ್ತಿಗೆ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಕಡಿಮೆಯಾದರೆ ಹಾಲು ಸಾಲುತ್ತಿಲ್ಲ. ಆಗ ಸಕ್ಕರೆ ನೀರು, ಜೇನು ನೆಕ್ಕಿಸಿದರೆ ಕೂಸು ಮೊಲೆ ಚೀಪುವುದು ಕಡಿಮೆಯಾಗುತ್ತದೆ, ಚೀಪದಿದ್ದರೆ ಹಾಲು ಇನ್ನೂ ಬತ್ತುತ್ತದೆ. ಹಗಲು-ರಾತ್ರಿ ಸೇರಿ 8ರಿಂದ 12 ಸಲ ಎದೆಗೆ ಹಚ್ಚಿ.

ಒಂದು ರೂಢಿಯನ್ನು ದಯವಿಟ್ಟು ಖೋಲಿಯೊಳಗೆ ತರಬೇಡಿ: ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುವುದು. ಊರಿನ ಮನೆಯಲ್ಲಿ ಗಾಳಿ ಹೋಗಲು ಬೆಳಕಿಂಡಿ ಇರುತ್ತಿತ್ತು. ತಗಡಿನ ಮುಚ್ಚಿದ ಖೋಲಿಯಲ್ಲಿ ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದ್ದಲ್ಲೇ ಜೀವ ತೆಗೆಯುತ್ತದೆ. ಕೂಸಿಗೆ ಕುಲಾಯಿ ಹಾಕಿ ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಹೊದಿಸಿ. ಬೇಕಾದ ಶಾಖ ಅಲ್ಲೇ ಇದೆ. ಅಳ್ವಿ ಪಾಯಸ, ಅಂಟಿನುಂಡಿ ಧಾರಾಳವಾಗಿ ಕೊಡಿ. ಆದರೆ ಬಾಣಂತಿಗೆ ಕುಡಿಯಲು ನೀರು ಕೊಡದೆ ತಡೆಯುವುದು ಬೇಡ, ಮಲ ಕಟ್ಟಿ ಹೊಲಿಗೆ ನೋಯುತ್ತದೆ. ಕಬ್ಬಿಣದ ಮಾತ್ರೆ 180 ದಿನ ನುಂಗಬೇಕು. ಕ್ಯಾಲ್ಸಿಯಂ ಜೊತೆಗಾಗಲಿ ಚಹಾದ ಜೊತೆಗಾಗಲಿ ಬೇಡ, ಮೈಗೆ ಹತ್ತುವುದಿಲ್ಲ.

ತೊಟ್ಟಿಲಿನ ಹೊತ್ತಿಗೆ ಕೂಸಿನ ತೂಕ ಮಾಡಿಸಿ. ಹುಟ್ಟಿದಾಗಿನ ತೂಕಕ್ಕೆ ಮರಳಿರಬೇಕು. ಹೊಕ್ಕುಳಿಗೆ ಎಣ್ಣೆ, ಅರಿಷಿಣ, ಬೂದಿ ಏನೂ ಬೇಡ, ಒಣಗಿಯೇ ಇರಲಿ. ತಾಯಿಗೆ ಬಿಡದ ತಲೆನೋವು, ಕಣ್ಣು ಮಂಜು ಇದ್ದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಬಿಪಿ ನೋಡಿಸಿ. ಹೆರಿಗೆಯಾದ ಮೇಲೂ ಬಿಪಿ ಏರಿ ಫಿಟ್ಸ್ ಬರಬಹುದು. 100.4 ಡಿಗ್ರಿ ಜ್ವರ, ಸ್ರಾವದಲ್ಲಿ ಕೆಟ್ಟ ವಾಸನೆ ಇದ್ದರೂ ತಡಮಾಡಬೇಡಿ.

ಖರ್ಚಿಗೆ ಹೆದರಬೇಡಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ. ಕೂಸಿಗೆ ಕಾಯಿಲೆಯಾದರೆ ಒಂದು ವರ್ಷದವರೆಗೆ ಅದರ ಚಿಕಿತ್ಸೆಯೂ ಉಚಿತ.

ಎರಡು ವಾರ ದಾಟಿದ ಮೇಲೂ ಬಾಣಂತಿ ಅಳುತ್ತಲೇ ಇದ್ದರೆ, ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ ಅದು ಕಾಯಿಲೆ, ಸೋಮಾರಿತನವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಜೀವ ಕಳೆದುಕೊಳ್ಳುವ ಮಾತು ಆಡಿದರೆ ಒಬ್ಬಳನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.