ಅರಿಶಿನದ ಕಲೆ ಸೋಪಿಗೆ ಕೆಂಪಾಗುವುದೇಕೆ?

ಬಿಳಿ ಅಂಗಿಯ ಮೇಲೆ ಒಂದು ಹನಿ ಸಾರು ಬಿದ್ದರೆ ಕೈ ಮೊದಲು ಹೋಗುವುದು ಸೋಪಿನತ್ತ. ಸೋಪು ತಾಗಿದ್ದೇ ತಡ, ಹಳದಿ ಕಲೆ ಕೆಂಪಾಗುತ್ತದೆ. ಬೇರೆ ಬಟ್ಟೆಯ ಬಣ್ಣ ಬಿಟ್ಟಿತೇನೋ ಎಂದು ಗಾಬರಿಯಾಗಿ ಇನ್ನಷ್ಟು ಉಜ್ಜುತ್ತೇವೆ. ಇದೇ ಕೆಂಪನ್ನು ಹಬ್ಬದ ದಿನ ನಾವು ಬೇಕೆಂದೇ ಮಾಡುತ್ತೇವೆ. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣ ಕದಡಿದಾಗ ಆಗುವ ಓಕುಳಿಯೂ ಅಂಗಿಯ ಮೇಲಿನ ಕೆಂಪೂ ಒಂದೇ. ಸುಣ್ಣವೂ ಕ್ಷಾರ, ಬಟ್ಟೆ ಸೋಪೂ ಕ್ಷಾರ.

ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್. ಅದರ ಅಣು ಬೆಳಕಿನಲ್ಲಿರುವ ನೀಲಿಯನ್ನು ಹೀರಿಕೊಳ್ಳುವುದರಿಂದ ಉಳಿದ ಬೆಳಕು ಹಳದಿಯಾಗಿ ಕಾಣುತ್ತದೆ. ಕ್ಷಾರ ಸೇರಿದಾಗ ಅಣುವಿನಿಂದ ಹೈಡ್ರೋಜನ್ ಅಯಾನು ಕಳಚಿಕೊಳ್ಳುತ್ತದೆ. ಆಗ ಅದು ಹೀರುವ ಬೆಳಕು ಹಸಿರಿನತ್ತ ಸರಿದು, ಕಣ್ಣಿಗೆ ಕೆಂಪು ಕಾಣುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿ, ಮತ್ತೆ ಹಳದಿ. ಹೀಗೆ ಎಷ್ಟು ಸಲ ವೇಷ ಬದಲಿಸಿದರೂ ಕಲೆ ಮಾತ್ರ ಅಲ್ಲೇ ಕುಳಿತಿರುತ್ತದೆ. ನಿಂಬೆಹಣ್ಣಿನಿಂದ ಅರಿಶಿನ ಹೋಗುತ್ತದೆ ಎನ್ನುವವರು ನೋಡಿದ್ದು ಈ ಕೆಂಪು ಮಾಯವಾದದ್ದನ್ನು, ಅಷ್ಟೇ.

ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಎಣ್ಣೆಯಲ್ಲಿ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಸಾರಿನ ಒಗ್ಗರಣೆಯ ಜೊತೆ ಬಂದು ಹತ್ತಿಯ ಎಳೆಗೆ ಹಿಡಿದುಕೊಂಡ ಮೇಲೆ ಬರೀ ನೀರಿಗೆ ಜಗ್ಗದಿರುವುದು ಅದಕ್ಕೇ. ಮೊದಲು ಪಾತ್ರೆ ತೊಳೆಯುವ ದ್ರಾವಣದಿಂದ ಜಿಡ್ಡು ತೆಗೆದು, ಗಾಯ ಒರೆಸುವ ಸ್ಪಿರಿಟ್ಟನ್ನು ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಒತ್ತಬೇಕು, ಉಜ್ಜಿದರೆ ಹರಡುತ್ತದೆ. ಕೊನೆಯ ಕೆಲಸ ಬಿಸಿಲಿನದು. ಬೆಳಕಿಗೆ ಈ ಅಣು ತಾಳಲಾರದೆ ಒಡೆಯುತ್ತದೆ, ಬಣ್ಣ ಹೋಗುತ್ತದೆ. ಒಡೆದ ಚೂರುಗಳಲ್ಲಿ ಒಂದು ವೆನಿಲಿನ್, ಅಂದರೆ ವೆನಿಲ್ಲಾ ಐಸ್‌ಕ್ರೀಮಿಗೆ ಪರಿಮಳ ಕೊಡುವ ವಸ್ತು. ಒಣಹಾಕಿದ ಅಂಗಿಯನ್ನು ಮೂಸಿ ನೋಡಬೇಡಿ, ಮೂಗಿಗೆ ಸಿಗುವಷ್ಟು ಇರುವುದಿಲ್ಲ.

ಹುಳಿ ನಿಜವಾಗಿ ಕೆಲಸಕ್ಕೆ ಬರುವುದು ಮೀನಿನ ಮುಂದೆ. ಸಮುದ್ರದ ಮೀನಿನ ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವಿದೆ; ಉಪ್ಪುನೀರಿನಲ್ಲಿ ಜೀವಕೋಶಗಳು ಒಳಗಿನ ನೀರನ್ನು ಕಳೆದುಕೊಳ್ಳದಂತೆ ಅದು ಕಾಯುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರಿಂದ ಆಕ್ಸಿಜನ್ ಕಿತ್ತುಕೊಂಡು ಟ್ರೈಮೀಥೈಲಮೀನ್ ಉಳಿಸುತ್ತವೆ. ನಾವು ಮೂಗು ಮುಚ್ಚಿಕೊಳ್ಳುವುದು ಇದಕ್ಕೆ. ಇದೊಂದು ಕ್ಷಾರ. ಹುಳಿ ಸೇರಿದರೆ ಲವಣವಾಗಿ, ಗಾಳಿಗೆ ಏರಲಾಗದೆ ನೀರಿನಲ್ಲೇ ಉಳಿಯುತ್ತದೆ. ಕರಾವಳಿಯವರು ಬಂಗುಡೆ ಸಾರಿಗೆ ಹುಣಸೆಹುಳಿ ಹಾಕುವುದರಲ್ಲಿ ರುಚಿಯ ಜೊತೆ ಈ ರಸಾಯನವೂ ಇದೆ. ಮೀನು ಕೊಯ್ದ ಮಣೆಗೆ, ಕೈಗೆ ಮೊದಲು ಹುಣಸೆಯ ಗಷ್ಟು ಅಥವಾ ಹಿಂಡಿದ ನಿಂಬೆಸಿಪ್ಪೆ ತಿಕ್ಕಿ ತೊಳೆಯಿರಿ, ಸೋಪು ಆಮೇಲೆ. ಕ್ಷಾರವಾದ ಸೋಪು ಮೊದಲು ಬಿದ್ದರೆ ಈ ವಾಸನೆಗೆ ಇನ್ನಷ್ಟು ಬಿಡುಗಡೆ ಸಿಗುತ್ತದೆ. ಕೆರೆಮೀನಿನ ಮಣ್ಣುವಾಸನೆ ಬೇರೆ ಜಾತಿಯದು. ಅದು ಜಿಯೋಸ್ಮಿನ್, ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲಿರುವುದೂ ಅದೇ. ಹುಳಿಗೆ ಅದೂ ಒಡೆಯುತ್ತದೆ.

ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆಯ ಲೆಕ್ಕ ಮಾತ್ರ ತಿರುಗುಮುರುಗು. ಮಲೆನಾಡಿನ ಮನೆಗಳಲ್ಲಿ ಜಡಿಮಳೆ ಹಿಡಿದರೆ ಟವೆಲಿಗೂ ಹೊದಿಕೆಗೂ ಇದೇ ವಾಸನೆ. ಒಗೆದರೂ ಹೋಗುವುದಿಲ್ಲ, ಹೋಯಿತು ಎಂದುಕೊಂಡರೆ ಮೈ ಒರೆಸಿ ಒದ್ದೆಯಾದೊಡನೆ ಮರಳುತ್ತದೆ. 2012ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದರು: ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್. ಒಣಗಿಸಿದರೂ ಸುಲಭಕ್ಕೆ ಸಾಯದ ಜೀವಿ ಇದು. ಬಟ್ಟೆಯಲ್ಲಿ ಉಳಿದ ಬೆವರು, ಜಿಡ್ಡುಗಳ ನಡುವೆ ಬೆಳೆದು 4-ಮೀಥೈಲ್-3-ಹೆಕ್ಸೆನೋಯಿಕ್ ಆಮ್ಲವನ್ನು ಬಿಡುತ್ತದೆ. ಹೆಸರೇ ಹೇಳುವಂತೆ ಇದು ಆಮ್ಲ. ಹಾಗಾಗಿ ಇಲ್ಲಿ ನಿಂಬೆಯಿಂದ ಲಾಭವಿಲ್ಲ, ವಾಷಿಂಗ್ ಸೋಡಾ ಬೇಕು. ಆಮ್ಲವನ್ನು ಅದು ಲವಣವಾಗಿಸಿ ನೀರಿನೊಂದಿಗೆ ಸಾಗಹಾಕುತ್ತದೆ. ಆದರೆ ವಾಸನೆ ಹುಟ್ಟಿಸುವ ಜೀವಿ ಉಳಿದರೆ ನಾಳೆ ಮತ್ತೆ ಅದೇ ಕಥೆ. ಹತ್ತಿಯ ಟವೆಲನ್ನು ಕುದಿನೀರಿನಲ್ಲಿ ನೆನೆಸುವುದು, ಅರೆಬರೆ ಒಣಗಿದ್ದನ್ನು ಇಸ್ತ್ರಿ ಮಾಡಿ ಪೂರ್ತಿ ಒಣಗಿಸುವುದು ಹಳೆಯ ಉಪಾಯ, ಒಳ್ಳೆಯ ಉಪಾಯ. ಪರಿಮಳದ ದ್ರಾವಣ ಸುರಿಯುವುದು ನನ್ನ ಮಟ್ಟಿಗೆ ದುಡ್ಡು ದಂಡ. ರೇಷ್ಮೆ, ಉಣ್ಣೆಗಳ ಹತ್ತಿರ ಮಾತ್ರ ಸೋಡಾ ಸುಳಿಯಬಾರದು. ಅವು ಪ್ರೋಟೀನಿನ ಎಳೆಗಳು, ಕ್ಷಾರಕ್ಕೆ ಹಾಳಾಗುತ್ತವೆ.

ಹುಳಿಯೂ ಒಳ್ಳೆಯದು, ಸೋಡಾವೂ ಒಳ್ಳೆಯದು ಎಂದಮೇಲೆ ಎರಡನ್ನೂ ಬೆರೆಸಿದರೆ? ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳಿಗೆ ಇದು ಬಲು ಇಷ್ಟ: ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ. ಉಕ್ಕುವುದು ಇಂಗಾಲದ ಡೈ ಆಕ್ಸೈಡ್. ತಳದಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು. ಎರಡೂ ಒಂದನ್ನೊಂದು ಕೊಂದುಕೊಂಡಿವೆ, ಕಲೆ ತೆಗೆಯುವ ಕಸುವು ಯಾವುದಕ್ಕೂ ಉಳಿದಿಲ್ಲ. ಇದು ಬರೀ ವ್ಯರ್ಥ. ಶೌಚಾಲಯ ತೊಳೆಯುವ ಆ್ಯಸಿಡ್‌ಗೆ ಬ್ಲೀಚಿಂಗ್ ಪೌಡರ್ ಸೇರಿಸುವುದು ಅಪಾಯ. ಅಲ್ಲಿ ಏಳುವುದು ಕ್ಲೋರಿನ್, 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಕಣ್ಣು, ಗಂಟಲು ಉರಿದರೆ ತಿಕ್ಕುವುದನ್ನು ಬಿಟ್ಟು ಹೊರಗೆ ಬನ್ನಿ.

ಹುಳಿ, ಕ್ಷಾರ ಎರಡಕ್ಕೂ ಬಗ್ಗದ ಕಲೆಗಳಿವೆ. ರಕ್ತಕ್ಕೆ ತಣ್ಣೀರೇ ಬೇಕು, ಬಿಸಿನೀರು ಬಿದ್ದರೆ ಅದರ ಪ್ರೋಟೀನು ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ಹಲಸಿನ ಮೇಣಕ್ಕೆ ನೀರೇ ಬೇಡ. ಹಣ್ಣು ಬಿಡಿಸುವ ಮುನ್ನ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುತ್ತಾರಲ್ಲ, ಬಟ್ಟೆಗೆ ಅಂಟಿದ ಮೇಣಕ್ಕೂ ಅದೇ ಮದ್ದು. ಎಣ್ಣೆ ಹಚ್ಚಿ ಮೆತ್ತಗಾದ ಮೇಲೆ ಒರೆಸಿ ತೆಗೆಯಿರಿ. ಎಣ್ಣೆಯ ಕಲೆಯನ್ನು ಸೋಪು ನೋಡಿಕೊಳ್ಳುತ್ತದೆ.