ಮನಸ್ಸು ನಿಲ್ಲದ ದಿನವೂ ಕುಳಿತುಕೊಳ್ಳಿ

ಮನೋವೈದ್ಯನ ಎದುರು ಕುಳಿತವರು ಧ್ಯಾನದ ಬಗ್ಗೆ ಹೇಳುವ ದೂರು ಬಹುಮಟ್ಟಿಗೆ ಒಂದೇ. “ಒಂದಷ್ಟು ದಿನ ಪ್ರಯತ್ನಪಟ್ಟೆ ಡಾಕ್ಟರೇ. ಕಣ್ಣು ಮುಚ್ಚಿದರೆ ಸಾಕು, ಇಲ್ಲದ ಯೋಚನೆಗಳೆಲ್ಲ ಬರುತ್ತವೆ. ನನಗೆ ಇದು ಆಗಿಬರುವುದಿಲ್ಲ.” ಹೀಗೆ ಹೇಳುವವರಲ್ಲಿ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಪಿಯುಸಿ ಓದುವ ಮಕ್ಕಳ ತಾಯಂದಿರಿದ್ದಾರೆ, ರಾತ್ರಿ ಪಾಳಿಯ ಸಾಫ್ಟ್‌ವೇರ್ ನೌಕರರಿದ್ದಾರೆ. ನಾನು ಕೇಳುವ ಮರುಪ್ರಶ್ನೆಯೂ ಒಂದೇ: ಯೋಚನೆ ಬಂದದ್ದು ಗೊತ್ತಾದ ಮೇಲೆ ಏನು ಮಾಡಿದಿರಿ? “ಮತ್ತೆ ಉಸಿರಿನ ಕಡೆ ಗಮನ ಕೊಟ್ಟೆ, ಅದು ಮತ್ತೆ ಓಡಿಹೋಯಿತು” ಎನ್ನುತ್ತಾರೆ, ಏನೋ ಅಪರಾಧ ಮಾಡಿದವರ ದನಿಯಲ್ಲಿ. ಅವರು ಮಾಡಿದ್ದು ಸರಿಯಾಗಿಯೇ ಇದೆ. ಓಡಿದ್ದು ಗೊತ್ತಾಗುವುದು, ಹಿಂದಿರುಗುವುದು, ಮತ್ತೆ ಓಡುವುದು; ಅಭ್ಯಾಸವೆಂದರೆ ಇಷ್ಟೇ.

ಮನಸ್ಸು ಅಲೆಯುವುದು ರೋಗವಲ್ಲ, ಮೊಬೈಲ್ ತಂದಿಟ್ಟ ಹೊಸ ಕೇಡೂ ಅಲ್ಲ. ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಮರ್ಕಟನಿಗೆ ಹೋಲಿಸಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಇದನ್ನು ಅಳೆದು ನೋಡಿದರು. ಸುಮಾರು 2,250 ಮಂದಿ ವಯಸ್ಕರಿಗೆ ದಿನದ ನಡುವೆ ಆಗಾಗ ಫೋನಿನಲ್ಲಿ ಪ್ರಶ್ನೆ ಕಳುಹಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯೇ, ಹೇಗನ್ನಿಸುತ್ತಿದೆ ಎಂದು ಕೇಳಿದರು. ಸುಮಾರು ಶೇ. 47ರಷ್ಟು ಉತ್ತರಗಳಲ್ಲಿ ಕೈ ಒಂದು ಕೆಲಸದಲ್ಲಿ, ಮನಸ್ಸು ಇನ್ನೆಲ್ಲೋ. ಹಾಗೆ ಅಲೆಯುತ್ತಿದ್ದಾಗ ಜನ ಹೇಳಿಕೊಂಡ ನೆಮ್ಮದಿಯೂ ಕಡಿಮೆ ಇತ್ತು.

ಅಲೆದಾಟದಲ್ಲಿ ನನ್ನನ್ನು ಕಾಡುವುದು ಅದರ ಒಂದು ಬಗೆ ಮಾತ್ರ. ಬೆಳಿಗ್ಗೆ ಮೇಲಧಿಕಾರಿ ಆಡಿದ ಒಂದು ಮಾತು. ಮಧ್ಯಾಹ್ನದ ಊಟದಲ್ಲಿ ಅದಕ್ಕೆ ಕೊಡಬೇಕಿದ್ದ ಉತ್ತರ ಹೊಳೆಯುತ್ತದೆ. ಸಂಜೆ ಸಿಗ್ನಲ್‌ನಲ್ಲಿ ನಿಂತಾಗ ಇನ್ನೂ ಚುರುಕಾದ ಉತ್ತರ ಹೊಳೆಯುತ್ತದೆ. ರಾತ್ರಿ ಹಾಸಿಗೆಯಲ್ಲಿ ಆ ಅಧಿಕಾರಿ ಮೂರು ವರ್ಷದ ಹಿಂದೆ ಆಡಿದ ಮಾತೂ ಜೊತೆಗೂಡುತ್ತದೆ. ಕೊನೆಗೆ ವಿಷಯ ಅಧಿಕಾರಿಯನ್ನು ಬಿಟ್ಟು “ನಾನೇ ಯಾವುದಕ್ಕೂ ಲಾಯಕ್ಕಿಲ್ಲ” ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಷ್ಟೂ ಹೊತ್ತು ಆ ಮನುಷ್ಯ ತಾನು ಸಮಸ್ಯೆಯನ್ನು ಬಿಡಿಸುತ್ತಿದ್ದೇನೆ ಎಂದೇ ನಂಬಿರುತ್ತಾನೆ. ಈ ಮೆಲುಕು ಖಿನ್ನತೆಯನ್ನು ತರಬಲ್ಲದು, ಇದ್ದ ಖಿನ್ನತೆಯನ್ನು ಹೋಗಗೊಡದೆ ಹಿಡಿದಿಡಬಲ್ಲದು, ಗುಣವಾದವರಲ್ಲಿ ಮರಳಿ ಕರೆತರಬಲ್ಲದು.

ಧ್ಯಾನದ ನಿಜವಾದ ಉಪಯೋಗ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಉಸಿರನ್ನು ಗಮನಿಸುತ್ತ ಕುಳಿತವನು ಹದಿನೈದು ನಿಮಿಷದಲ್ಲಿ ಹತ್ತಾರು ಬಾರಿ ಒಂದೇ ಕೆಲಸವನ್ನು ಕಲಿಯುತ್ತಾನೆ: “ಓ, ಯೋಚನೆ ಶುರುವಾಗಿದೆ” ಎಂದು ಗುರುತಿಸುವುದು, ಅದರೊಂದಿಗೆ ವಾದಕ್ಕಿಳಿಯದೆ ಹಿಂದಿರುಗುವುದು. ತಿಂಗಳುಗಟ್ಟಲೆ ಇದನ್ನು ಮಾಡಿದವರಲ್ಲಿ ನಾನು ಕಾಣುವ ಬದಲಾವಣೆ ದೊಡ್ಡ ಪ್ರಶಾಂತತೆಯೇನಲ್ಲ. ಕೋಪವೂ ಬರುತ್ತದೆ, ಬೇಸರವೂ ಆಗುತ್ತದೆ. ಆದರೆ ಬೆಳಗಿನ ಮಾತು ರಾತ್ರಿಯವರೆಗೆ ಬೆಳೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೇ ಅದು ಮೆಲುಕು ಎಂದು ಅವರಿಗೆ ತಿಳಿದಿರುತ್ತದೆ. ಹಲವು ಬಾರಿ ಇದನ್ನು ಮೊದಲು ಗಮನಿಸುವವರು ಮನೆಯವರು.

ಇದೇ ತಿಳಿವಳಿಕೆಯ ಮೇಲೆ ಸೀಗಲ್, ವಿಲಿಯಮ್ಸ್ ಮತ್ತು ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಖಿನ್ನತೆ ಮರುಕಳಿಸದಂತೆ ತಡೆಯಲು ಎಂಟು ವಾರಗಳ ಧ್ಯಾನ ಆಧಾರಿತ ಚಿಕಿತ್ಸೆಯೊಂದನ್ನು ರೂಪಿಸಿದರು. 2000ದಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿ ಚೇತರಿಸಿಕೊಂಡವರ ಪೈಕಿ, ಎಂದಿನ ಆರೈಕೆಯನ್ನಷ್ಟೇ ಪಡೆದವರಲ್ಲಿ ಶೇ. 66 ಮಂದಿಗೆ ಒಂದು ವರ್ಷಕ್ಕಿಂತ ತುಸು ಹೆಚ್ಚಿನ ಅವಧಿಯಲ್ಲಿ ಅದು ಮರಳಿತು. ಈ ತರಬೇತಿ ಪಡೆದವರಲ್ಲಿ ಶೇ. 37 ಮಂದಿಗೆ. ಎರಡೇ ಬಾರಿ ಖಿನ್ನತೆ ಅನುಭವಿಸಿದ್ದವರಲ್ಲಿ ಮಾತ್ರ ಇಂಥ ಲಾಭ ಕಾಣಲಿಲ್ಲ. ಧ್ಯಾನದ ಪ್ರಚಾರಕರು ಈ ಕೊನೆಯ ವಾಕ್ಯವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಪ್ರತಿದಿನವೇ ಏಕೆ, ಬೇಕಾದಾಗ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬೇಕಾದಾಗ ಅದು ಕೈಗೆ ಬರುವುದಿಲ್ಲ ಎಂಬುದೇ ತೊಂದರೆ. ಎದೆ ಹೊಡೆದುಕೊಳ್ಳುತ್ತಿರುವಾಗ, ಮನೆಯಲ್ಲಿ ಜಗಳ ಏರುತ್ತಿರುವಾಗ ಹೊಸದೇನನ್ನೂ ಕಲಿಯುವ ಸ್ಥಿತಿಯಲ್ಲಿ ಮಿದುಳು ಇರುವುದಿಲ್ಲ. ಆಗ ಒದಗುವುದು ಆಗಲೇ ರೂಢಿಯಾದದ್ದು ಮಾತ್ರ. ಅಭ್ಯಾಸ ಗಟ್ಟಿನೆಲೆ ಕಾಣಬೇಕಾದರೆ ದೀರ್ಘಕಾಲ, ಬಿಡದೆ, ಆದರದಿಂದ ನಡೆಯಬೇಕು ಎಂದು ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲೇ ಹೇಳಿದ್ದಾನೆ. ನಮ್ಮ ಜನ ಮೊದಲ ಎರಡನ್ನು ಹೇಗಾದರೂ ಸಾಧಿಸುತ್ತಾರೆ, ಎಡವುವುದು ಆದರದಲ್ಲಿ. ಧ್ಯಾನವನ್ನೂ ಪರೀಕ್ಷೆಯಂತೆ ಬರೆದು, ತಮಗೆ ತಾವೇ ಅಂಕ ಕೊಟ್ಟುಕೊಂಡು, ಫೇಲಾಗಿ, ಬಿಟ್ಟುಬಿಡುತ್ತಾರೆ.

ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಎಂದು ಭಾವಿಸುವವರಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದನ್ನು ಹೇಳುತ್ತೇನೆ. ನೀರು ಕುಡಿಯುವುದು, ಹಣ್ಣು ತಿನ್ನುವುದು, ಓಡುವುದು ಮುಂತಾದ ದಿನಚರಿಗಳು ರೂಢಿಯಾಗಲು ಎಷ್ಟು ಕಾಲ ಬೇಕೆಂದು ಅಲ್ಲಿ ನೋಡಿದರು. ಮಧ್ಯದ ಅಂಕಿ 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಇಪ್ಪತ್ತೊಂದು ದಿನದಲ್ಲಿ ಬದುಕು ಬದಲಿಸುವ ಶಿಬಿರಗಳ ಕರಪತ್ರ ಕಂಡಾಗಲೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ.

ನಾನು ಹೇಳಿಕೊಡುವುದು ತೀರಾ ಸರಳ. ಹಲ್ಲುಜ್ಜಿದ ಮೇಲೆ, ಮೊಬೈಲ್ ಮುಟ್ಟುವ ಮೊದಲು, ಹತ್ತು ನಿಮಿಷ. ಕುರ್ಚಿಯಾದರೂ ಸರಿ, ಮಂಡಿ ನೋವಿರುವವರು ಪದ್ಮಾಸನಕ್ಕಾಗಿ ಹೆಣಗಬೇಕಿಲ್ಲ. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ, ತಪ್ಪಿದರೆ ಮತ್ತೆ ಒಂದರಿಂದ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಧರ್ಮ, ಆದ್ದರಿಂದ ಹೊರಗಿನ ಉಸಿರನ್ನು ಕೊಂಚ ಉದ್ದ ಬಿಟ್ಟರೆ ಅನುಕೂಲ. ದೇವರ ನಾಮ ಜಪಿಸುವ ಅಜ್ಜಿಯರಿಗೆ ಇದನ್ನೆಲ್ಲ ಹೇಳಲು ನಾನು ಹೋಗುವುದಿಲ್ಲ. ಅವರಲ್ಲಿ ಅಭ್ಯಾಸ ಆಗಲೇ ಇದೆ.

ಫಲವೆಷ್ಟು ಎಂದು ಕೇಳಿದರೆ, ಮಧ್ಯಮ ಎನ್ನುತ್ತೇನೆ. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಸಂಶೋಧಕರು ಆತಂಕ, ಖಿನ್ನತೆ, ನೋವುಗಳಲ್ಲಿ ಒಂದು ಮಟ್ಟದ ಸುಧಾರಣೆಯನ್ನು ಕಂಡರು. ನಿದ್ರೆ, ಏಕಾಗ್ರತೆ, ತೂಕದ ವಿಷಯದಲ್ಲಿ ಪುರಾವೆ ದುರ್ಬಲವಾಗಿತ್ತು, ಅಥವಾ ಇರಲೇ ಇಲ್ಲ. 2022ರ ಇನ್ನೊಂದು ಪರೀಕ್ಷೆಯಲ್ಲಿ ಆತಂಕದ ಕಾಯಿಲೆಯುಳ್ಳವರಿಗೆ ಎಂಟು ವಾರಗಳ ಧ್ಯಾನ ತರಬೇತಿ, ಎಸ್ಸಿಟಲೋಪ್ರಾಮ್ ಮಾತ್ರೆಗಿಂತ ಕಡಿಮೆಯೇನೂ ಅಲ್ಲ ಎಂದು ಕಂಡುಬಂತು. ಆ ಮಂದಿಗೆ ವಾರದ ತರಗತಿಯ ಜೊತೆಗೆ ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ ಮಾಡಲು ಹೇಳಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಈ ಸುದ್ದಿ ಓದಿ ಮಾತ್ರೆ ನಿಲ್ಲಿಸಿ ಬರುವವರ ಬಗ್ಗೆ ಒಂದು ಮಾತು. ಮಾತ್ರೆಯನ್ನು ಕಡಿಮೆ ಮಾಡುವುದಿದ್ದರೆ ವೈದ್ಯರೊಂದಿಗೆ ಮಾತನಾಡಿ, ನಿಧಾನವಾಗಿ ಮಾಡಬೇಕು. ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ ಇರುವವರು, ಗಾಢ ಆಘಾತದ ನೆನಪುಗಳುಳ್ಳವರು ದಿನವಿಡೀ ಮೌನವಾಗಿ ಕೂರಿಸುವ ದೀರ್ಘ ಶಿಬಿರಗಳಿಗೆ ಕೇಳದೆ ಹೋಗಬಾರದು. ಅಲ್ಲಿ ಕಾಯಿಲೆ ಕೆರಳಬಹುದು. ಕುಳಿತಾಗ ದಿಗಿಲು ಹೆಚ್ಚುತ್ತಿದ್ದರೆ ಕಣ್ಣು ತೆರೆದು, ಎದ್ದು, ಹೆಜ್ಜೆಗಳನ್ನು ಗಮನಿಸುತ್ತ ನಡೆದಾಡಿ. ಸಾಯುವ ಯೋಚನೆ ಬರುತ್ತಿದ್ದರೆ ಧ್ಯಾನಕ್ಕೆ ಕೂರುವ ಸಮಯ ಅದಲ್ಲ; ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.